ಬಿಡದ ಬೋಲ್ಟ್, ಸವೆದ ತಲೆ, ಮುರಿದ ತುಂಡು: ಮನೆಯಂಗಳದಲ್ಲಿ ಕಾರು ಬಿಚ್ಚುವವರಿಗೆ

ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯವರೆಗಿನ ನಮ್ಮ ಊರುಗಳಲ್ಲಿ ಕಾರಿನ ಅಡಿಭಾಗದ ಬೋಲ್ಟುಗಳು ತುಕ್ಕು ಹಿಡಿಯಲು ಹೆಚ್ಚು ವರ್ಷ ಬೇಕಾಗುವುದಿಲ್ಲ. ಉಪ್ಪಳ, ಕುಂಬಳೆ, ಮೊಗ್ರಾಲುಗಳ ಬಳಿ ರಾಷ್ಟ್ರೀಯ ಹೆದ್ದಾರಿ 66 ಕಡಲಿಗೆ ಹತ್ತಿರವಾಗಿಯೇ ಸಾಗುವುದರಿಂದ ಗಾಳಿಯಲ್ಲಿನ ಉಪ್ಪು ಲೋಹದ ಮೇಲೆ ಸದಾ ಕೂರುತ್ತಿರುತ್ತದೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಯವರಿಗೆ ಕಡಲು ದೂರವಾದರೂ, ಜೂನ್‌ನಿಂದ ಸೆಪ್ಟೆಂಬರಿನವರೆಗೆ ಚಕ್ರ ಎರಚಿದ ಕೆಮ್ಮಣ್ಣಿನ ಕೆಸರು ಸಸ್ಪೆನ್ಶನ್ನಿನ ಸಂದುಗಳಲ್ಲಿ ಅಂಟಿಕೊಂಡು ವಾರಗಟ್ಟಲೆ ಒದ್ದೆಯಾಗಿಯೇ ಉಳಿಯುತ್ತದೆ. ತೋಟಕ್ಕೆ ಮದ್ದು ಬಿಡುವ ದಿನಗಳಲ್ಲಿ ಮೈಲುತುತ್ತಿನ ಚೀಲ, ಡ್ರಮ್ಮು, ಪಂಪುಗಳನ್ನು ಹೊರುವ ಜೀಪು, ಪಿಕಪ್‌ಗಳ ಸ್ಥಿತಿ ಇನ್ನೂ ಕೆಟ್ಟದು. ತಾಮ್ರವಿರುವ ಮೈಲುತುತ್ತಿಗೆ ಸುಣ್ಣ ಬೆರೆಸಿ ಮಾಡುವ ಬೋರ್ಡೋ ದ್ರಾವಣದಲ್ಲಿ, ಸುಣ್ಣ ಕಡಿಮೆಯಾಗಿದ್ದಾಗ, ಕಬ್ಬಿಣದ ಚೂರಿಯನ್ನು ಅದ್ದಿದರೆ ಅದರ ಮೇಲೆ ತಾಮ್ರ ಕೆಂಪಗೆ ಕೂರುವುದನ್ನು ಅಡಿಕೆ ಬೆಳೆಗಾರರು ಕಂಡೇ ಇರುತ್ತಾರೆ. ಅಷ್ಟು ತಾಮ್ರ ಕೂರಬೇಕಾದರೆ ಅದಕ್ಕೆ ಬದಲಾಗಿ ಕಬ್ಬಿಣ ಕರಗಿರಲೇಬೇಕು. ಗಾಡಿಯ ಅಡಿಗೆ ಸೋರಿದ ತುತ್ತಿನ ನೀರು ಬೋಲ್ಟಿಗೆ ಮಾಡುವುದೂ ಅದನ್ನೇ.

ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಆದ್ದರಿಂದ ಬೋಲ್ಟಿನ ಥ್ರೆಡ್ಡಿಗೂ ಅದು ಕೂತಿರುವ ರಂಧ್ರದ ಥ್ರೆಡ್ಡಿಗೂ ನಡುವೆ ಇರುವ ಕೂದಲೆಳೆಯಷ್ಟು ಸಂದು ತುಕ್ಕಿನಿಂದ ತುಂಬಿ, ಬಿಗಿದದ್ದಕ್ಕಿಂತಲೂ ಬಲವಾಗಿ ಬೋಲ್ಟ್ ಕಚ್ಚಿಕೊಳ್ಳುತ್ತದೆ. ಉಕ್ಕಿನ ಬೋಲ್ಟ್ ಅಲ್ಯೂಮಿನಿಯಮ್ಮಿನೊಳಗೆ ಕೂತಿರುವಲ್ಲಿ ಎರಡು ಬೇರೆ ಲೋಹಗಳ ನಡುವೆ ಉಪ್ಪುನೀರು ಸೇರಿ ಅಲ್ಯೂಮಿನಿಯಂ ಸವೆಯುತ್ತದೆ, ಮತ್ತು ಅದರ ಬಿಳಿಯ ಪುಡಿ ಅದೇ ಕೆಲಸವನ್ನು ಮಾಡುತ್ತದೆ.

ಇಂಥ ಬೋಲ್ಟನ್ನು ಬಿಚ್ಚುವಾಗ ನೆನಪಿನಲ್ಲಿಡಬೇಕಾದ ವಿಷಯ ಒಂದೇ. ಬೋಲ್ಟಿನ ಬೆಲೆ ಕೆಲವು ರೂಪಾಯಿ, ಅದು ಹೊಕ್ಕಿರುವ ಭಾಗದ ಬೆಲೆ ಸಾವಿರಗಳಲ್ಲಿ. ಬೋಲ್ಟ್ ಹೋದರೂ ಆ ಭಾಗ ಉಳಿಯಬೇಕು. ಮುಂದೆ ಹೇಳಿರುವ ವಿಧಾನಗಳ ಕ್ರಮವೆಲ್ಲ ಈ ಲೆಕ್ಕಾಚಾರದ ಮೇಲೆಯೇ ನಿಂತಿದೆ: ಕಡಿಮೆ ಹಾನಿ ಮಾಡುವುದು ಮೊದಲು, ಹಿಂದಿರುಗಲಾಗದ್ದು ಕೊನೆಗೆ.

ಮೊದಲು ಪರೀಕ್ಷೆ

ಬೋಲ್ಟ್ ಬರುತ್ತಿಲ್ಲ ಎಂದಾಕ್ಷಣ ಹಿಡಿಗೆ ಸಿಕ್ಕಿಸಲು ಉದ್ದದ ಪೈಪ್ ಹುಡುಕುವ ಬದಲು ಎರಡು ಸಂಗತಿಗಳನ್ನು ನೋಡಿಕೊಳ್ಳಬೇಕು. ಮೊದಲನೆಯದು ಬೋಲ್ಟಿನ ಸ್ಥಿತಿ. ತಲೆ ಸರಿಯಿದ್ದು ಕಚ್ಚಿಕೊಂಡಿರುವುದು, ತಲೆಯ ಮೂಲೆಗಳು ಸವೆದು ಉರುಟಾಗಿರುವುದು, ತಲೆಯೇ ಮುರಿದು ತುಂಡು ಒಳಗುಳಿದಿರುವುದು, ತಿರುಗುತ್ತಲೇ ಇದ್ದರೂ ಹೊರಬರದಿರುವುದು, ಇವೆಲ್ಲ ಬೇರೆ ಬೇರೆ ತೊಂದರೆಗಳು ಮತ್ತು ಇವುಗಳ ಪರಿಹಾರವೂ ಬೇರೆ. ಎರಡನೆಯದು ಬೋಲ್ಟ್ ಯಾವುದರೊಳಗೆ ಹೊಕ್ಕಿದೆ ಎಂಬುದು. ಹಿಂದುಗಡೆ ಬಿಡಿ ನಟ್ಟಿದ್ದರೆ ಚಿಂತೆಯಿಲ್ಲ, ಯಾವಾಗ ಬೇಕಾದರೂ ಕತ್ತರಿಸಿ ಹಾಕಬಹುದು. ಚಕ್ರದ ಹಿಂದಿನ ನಕಲ್‌ನಂತಹ ಉಕ್ಕು ಅಥವಾ ಬೀಡಿನ ಭಾಗವಾದರೆ ಸ್ವಲ್ಪ ಒರಟಾಗಿ ನಡೆದುಕೊಳ್ಳಬಹುದು. ಎಂಜಿನ್, ಗೇರ್‌ಬಾಕ್ಸ್, ವಾಟರ್ ಪಂಪ್‌ಗಳ ಅಲ್ಯೂಮಿನಿಯಂ ಭಾಗವಾದರೆ ಹತ್ತು ಪಟ್ಟು ತಾಳ್ಮೆ ಬೇಕು. ಬಾಡಿಯ ಟೊಳ್ಳಿನೊಳಗೆ ಬೆಸುಗೆ ಹಾಕಿದ ನಟ್ಟು ಇದ್ದು ಅದು ಬೆಸುಗೆ ಬಿಟ್ಟು ಒಳಗೇ ತಿರುಗತೊಡಗಿದರೆ, ತಗಡಿನಲ್ಲಿ ಕಿಂಡಿ ಕೊರೆಯದೆ ಬೇರೆ ದಾರಿ ಉಳಿಯುವುದಿಲ್ಲ.

ಬೋಲ್ಟಿನ ಅಳತೆಯನ್ನೂ ಮೊದಲೇ ತಿಳಿದುಕೊಂಡು ಹೊಸದನ್ನು ತಂದಿಟ್ಟುಕೊಂಡಿರುವುದು ಒಳ್ಳೆಯದು. ಇಲ್ಲಿ ಒಂದು ಗೊಂದಲ ಸಾಮಾನ್ಯ. ಗ್ಯಾರೇಜಿನಲ್ಲಿ 12ರ ಬೋಲ್ಟ್ ಎಂದರೆ 12 ಮಿಲಿಮೀಟರ್ ಸ್ಪ್ಯಾನರ್ ಹಿಡಿಯುವ ತಲೆಯದು ಎಂದು ಅರ್ಥ. ಅಂಗಡಿಯಲ್ಲಿ ಅದೇ ಮಾತು 12 ಮಿಲಿಮೀಟರ್ ದಪ್ಪದ ಬೋಲ್ಟ್ ಎಂದಾಗುತ್ತದೆ. ಜಪಾನಿನ ಅಳತೆಯನ್ನು ಅನುಸರಿಸುವ ಮಾರುತಿ ಸುಜುಕಿಯಂತಹ ಕಾರುಗಳಲ್ಲಿ 8 ಮಿಲಿಮೀಟರ್ ದಪ್ಪದ ಎಂ8 ಬೋಲ್ಟಿಗೆ 12ರ ತಲೆ, ಎಂ10ಕ್ಕೆ 14ರ ತಲೆ ಇರುವುದು ರೂಢಿ. ಸಾಮಾನ್ಯ ಹಾರ್ಡ್‌ವೇರ್ ಅಂಗಡಿಯ ಎಂ8ಕ್ಕೆ 13ರ ತಲೆ ಇರುತ್ತದೆ. ಜೊತೆಗೆ ಎಂ10ರಲ್ಲಿ ಥ್ರೆಡ್ಡಿನ ಅಂತರ 1.25 ಮತ್ತು 1.5 ಮಿಲಿಮೀಟರ್ ಎಂಬ ಎರಡು ಬಗೆಗಳಿವೆ. ಒಂದು ಇನ್ನೊಂದರಲ್ಲಿ ಎರಡು ಸುತ್ತು ಹೊಕ್ಕಂತೆ ಮಾಡಿ ಆಮೇಲೆ ಥ್ರೆಡ್ಡನ್ನೇ ಕೆಡಿಸುತ್ತದೆ. ತಲೆಯ ಮೇಲಿನ 8.8, 10.9 ಎಂಬ ಅಂಕಿಗಳು ಬಲವನ್ನು ಸೂಚಿಸುತ್ತವೆ. 10.9 ಇದ್ದಲ್ಲಿ 8.8 ಹಾಕಬಾರದು.

ಕಾರನ್ನು ಎತ್ತುವ ಬಗ್ಗೆ

ಕಚ್ಚಿಕೊಂಡ ಬೋಲ್ಟನ್ನು ಎಳೆಯುವಾಗ ಇಡೀ ಕಾರು ಅಲುಗಾಡುತ್ತದೆ ಎಂಬುದನ್ನು ಮರೆತು ಕೇವಲ ಜಾಕಿನ ಮೇಲೆ ನಿಲ್ಲಿಸಿದ ಕಾರಿನಡಿ ನುಸುಳುವವರಿದ್ದಾರೆ. ಜಾಕ್ ಎತ್ತಲಿಕ್ಕೆ ಮಾತ್ರ. ಹೊತ್ತು ನಿಲ್ಲಿಸಬೇಕಾದದ್ದು ಉಕ್ಕಿನ ಸ್ಟ್ಯಾಂಡ್. ನಮ್ಮಲ್ಲಿ ಅಂಗಳದ ಮೂಲೆಯಲ್ಲಿ ಕೆಂಪುಕಲ್ಲು ಸುಲಭವಾಗಿ ಸಿಗುವುದರಿಂದ ನಾಲ್ಕು ಕಲ್ಲು ಪೇರಿಸಿ ಅದರ ಮೇಲೆ ಕಾರನ್ನು ಇಳಿಸುವ ಅಭ್ಯಾಸವಿದೆ, ಇದನ್ನು ಖಂಡಿತ ಮಾಡಬಾರದು. ಗೋಡೆಯಲ್ಲಿ ಭಾರವನ್ನು ಸಮನಾಗಿ ಹೊರುವ ಮುರಕಲ್ಲು, ಕಾರಿನ ಅಂಚಿನಂತಹ ಕಿರಿದಾದ ಜಾಗದಿಂದ ಭಾರ ಬಿದ್ದಾಗ ಯಾವ ಮುನ್ಸೂಚನೆಯೂ ಇಲ್ಲದೆ ಪುಡಿಯಾಗಬಲ್ಲದು. ಮಳೆಗಾಲದ ಮೆತ್ತನೆಯ ಅಂಗಳದಲ್ಲಿ ಸ್ಟ್ಯಾಂಡಿನ ಕಾಲು ಹೂತುಹೋಗದಂತೆ ಅಡಿಯಲ್ಲಿ ದಪ್ಪ ಹಲಗೆ ಇಟ್ಟು, ನೆಲದಲ್ಲಿರುವ ಚಕ್ರಗಳಿಗೆ ಎರಡೂ ಕಡೆಯಿಂದ ಅಡ್ಡ ಕೊಡಬೇಕು. ಚಕ್ರದ ನಟ್ಟುಗಳನ್ನೂ ಆಕ್ಸಲ್ ನಟ್ಟನ್ನೂ ಚಕ್ರ ನೆಲದಲ್ಲಿರುವಾಗಲೇ ಸಡಿಲಿಸಿಕೊಳ್ಳಬೇಕು. ಮಲಗಿ ಮೇಲೆ ನೋಡುವಾಗ ತುಕ್ಕಿನ ಚೂರು ನೇರವಾಗಿ ಕಣ್ಣಿಗೇ ಬೀಳುತ್ತದೆ. ಕನ್ನಡಕವಿಲ್ಲದೆ ಕೆಲಸ ಆರಂಭಿಸಬಾರದು.

ತಲೆ ಸರಿಯಿದ್ದು ಬೋಲ್ಟ್ ಬಿಡದಿದ್ದರೆ

ಹೆಚ್ಚಿನ ಬೋಲ್ಟುಗಳು ಇದೇ ಹಂತದಲ್ಲಿರುತ್ತವೆ, ಮತ್ತು ಹೆಚ್ಚಿನವು ಹಾಳಾಗುವುದೂ ಇಲ್ಲಿಯೇ. ತಲೆ ಇರುವವರೆಗೆ ಎಲ್ಲ ದಾರಿಗಳೂ ತೆರೆದಿರುತ್ತವೆ, ತಲೆ ಹೋದ ಮೇಲೆ ಪ್ರತಿಯೊಂದು ದಾರಿಯೂ ದುಬಾರಿಯಾಗುತ್ತದೆ. ಆದ್ದರಿಂದ ಈ ಹಂತಕ್ಕೆ ಎಷ್ಟು ಸಮಯ ಕೊಟ್ಟರೂ ಅದು ವ್ಯರ್ಥವಲ್ಲ.

ಮೊದಲು ತಂತಿ ಬ್ರಷ್ಷಿನಿಂದ ತಲೆಯ ಆರೂ ಬದಿಗಳನ್ನು ಉಜ್ಜಿ ಸ್ವಚ್ಛಗೊಳಿಸಬೇಕು. ತುಕ್ಕಿನ ಪದರದ ಮೇಲೆ ಕೂರಿಸಿದ ಸಾಕೆಟ್ ಪೂರ್ತಿ ಕೆಳಗಿಳಿಯದೆ ತುದಿಯನ್ನಷ್ಟೇ ಹಿಡಿದು ಜಾರುತ್ತದೆ. ಬೋಲ್ಟಿನ ಇನ್ನೊಂದು ತುದಿ ಹಿಂದುಗಡೆ ಹೊರಬಂದಿದ್ದರೆ ಆ ಭಾಗದ ಥ್ರೆಡ್ಡನ್ನೂ ಉಜ್ಜಬೇಕು, ಏಕೆಂದರೆ ಬಿಚ್ಚುವಾಗ ಆ ತುಕ್ಕೆಲ್ಲ ರಂಧ್ರದ ಮೂಲಕವೇ ಹಾದುಬರಬೇಕು. ಅನಂತರ ತೂರಿಕೊಳ್ಳುವ ಎಣ್ಣೆ. ಎಲ್ಲರ ಮನೆಯಲ್ಲಿರುವ ಡಬ್ಲ್ಯೂಡಿ-40, 1953ರಲ್ಲಿ ಅಮೆರಿಕದಲ್ಲಿ ನೀರನ್ನು ಹೊರದೂಡಿ ತುಕ್ಕು ತಡೆಯುವುದಕ್ಕೆಂದು ತಯಾರಾದದ್ದು. ಹಗುರವಾಗಿ ಹಿಡಿದ ಬೋಲ್ಟಿಗೆ ಅದು ಸಾಕು, ಬಲವಾಗಿ ಹಿಡಿದದ್ದಕ್ಕೆ ತುಕ್ಕು ಬಿಡಿಸಲೆಂದೇ ಮಾರುವ ತೆಳು ಎಣ್ಣೆ ಮೇಲು. ಆಟೋಮ್ಯಾಟಿಕ್ ಗೇರಿನ ಎಣ್ಣೆಗೆ ಸಮಪ್ರಮಾಣದ ಅಸಿಟೋನ್ ಸೇರಿಸಿ ಬಳಸುವ ಮೆಕ್ಯಾನಿಕ್‌ಗಳಿದ್ದಾರೆ, ಅದು ಚೆನ್ನಾಗಿ ಇಳಿಯುತ್ತದೆ; ಆದರೆ ಬಣ್ಣವನ್ನೂ ಪ್ಲಾಸ್ಟಿಕ್ಕನ್ನೂ ಕರಗಿಸುತ್ತದೆ ಮತ್ತು ಬಲುಬೇಗ ಬೆಂಕಿ ಹಿಡಿಯುತ್ತದೆ. ಚಿಮಿಣಿ ಎಣ್ಣೆ ಅಥವಾ ಡೀಸೆಲ್ ಕೂಡ ಏನೂ ಇಲ್ಲದ್ದಕ್ಕಿಂತ ಲೇಸು. ತೆಂಗಿನೆಣ್ಣೆ ಮಾತ್ರ ಸಂದಿಗೆ ಇಳಿಯುವಷ್ಟು ತೆಳುವಲ್ಲ.

ಯಾವ ಎಣ್ಣೆಯಾದರೂ ಅದಕ್ಕೆ ಬೇಕಾದದ್ದು ಸಮಯ. ಸಂಜೆ ಹಾಕಿ, ಮಲಗುವ ಮುನ್ನ ಮತ್ತೊಮ್ಮೆ ಹಾಕಿ, ಬೆಳಿಗ್ಗೆ ಕೆಲಸಕ್ಕೆ ಕೈಹಚ್ಚುವುದು ಸರಿಯಾದ ಕ್ರಮ. ಪ್ರತಿ ಸಲ ಎಣ್ಣೆ ಹಾಕಿದ ಮೇಲೆ ಬೋಲ್ಟಿನ ತಲೆಯ ನೆತ್ತಿಗೆ ಸುತ್ತಿಗೆಯಿಂದ ನೇರವಾಗಿ ನಾಲ್ಕಾರು ಗಟ್ಟಿ ಪೆಟ್ಟು ಕೊಡಬೇಕು. ಈ ಪೆಟ್ಟುಗಳು ತುಕ್ಕಿನ ಪದರವನ್ನು ಬಿರಿಯಿಸಿ ಎಣ್ಣೆಗೆ ದಾರಿ ಮಾಡುತ್ತವೆ. ಅಲ್ಯೂಮಿನಿಯಂ ಭಾಗವಾದರೆ ಪೆಟ್ಟು ಹಗುರವಾಗಿರಲಿ, ಸಂಖ್ಯೆ ಹೆಚ್ಚಲಿ.

ಇನ್ನು ಉಪಕರಣ. ತೆರೆದ ಬಾಯಿಯ ಸ್ಪ್ಯಾನರ್ ತಲೆಯ ಎರಡು ಬದಿಗಳನ್ನಷ್ಟೇ ಹಿಡಿಯುತ್ತದೆ. ಕಚ್ಚಿದ ಬೋಲ್ಟಿಗೆ ಅದನ್ನು ಮುಟ್ಟಿಸಲೂ ಬಾರದು. ಹನ್ನೆರಡು ಮೂಲೆಯ ಸಾಕೆಟ್ ಮತ್ತು ರಿಂಗ್ ಸ್ಪ್ಯಾನರುಗಳು ಬೋಲ್ಟಿನ ಮೂಲೆಗಳಿಗೆ ತೀರ ಹತ್ತಿರದಲ್ಲಿ ಒತ್ತುವುದರಿಂದ ಮೂಲೆ ಸವೆಯುವ ಸಂಭವ ಹೆಚ್ಚು. ಆರು ಮೂಲೆಯ ಸಾಕೆಟ್ಟೇ ಬೇಕು. ಪೂರ್ತಿ ಸೆಟ್ ಕೊಳ್ಳಲಾಗದಿದ್ದರೆ 10, 12, 14, 17, 19ರ ಬಿಡಿ ಸಾಕೆಟ್ಟುಗಳನ್ನು ಕೊಂಡರೂ ನಮ್ಮ ಹೆಚ್ಚಿನ ಕಾರುಗಳ ಕೆಲಸ ನಡೆಯುತ್ತದೆ. ಹಿಡಿಗೆ ರಾಚೆಟ್ ಬೇಡ, ಅದರೊಳಗಿನ ಸಣ್ಣ ಹಲ್ಲುಗಳು ಈ ಬಲಕ್ಕೆ ಮಾಡಿದವಲ್ಲ. ಗಟ್ಟಿ ಹಿಡಿಯ ಬ್ರೇಕರ್ ಬಾರ್ ಬಳಸಬೇಕು.

ಕಾರಿನಡಿ ಮಲಗಿದಾಗ ಬಿಚ್ಚುವ ದಿಕ್ಕು ಯಾವುದೆಂದು ಗೊಂದಲವಾಗುವುದು ಸಹಜ. ಬೋಲ್ಟಿನ ತಲೆಯನ್ನು ಎದುರಿನಿಂದ ನೋಡುತ್ತಿರುವಂತೆ ಭಾವಿಸಿಕೊಂಡು ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ತಿರುಗಿಸಬೇಕು. ಸೈಕಲ್ಲಿನ ಎಡ ಪೆಡಲಿನಲ್ಲಿರುವಂತೆ ಎಡಗೈ ಥ್ರೆಡ್ ಕೆಲವು ಕಾರುಗಳಲ್ಲಿ ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡಿನ ಒಂದು ತುದಿಯಲ್ಲಿಯೂ ಇರುತ್ತದೆ. ಅಲ್ಲಿ ದಿಕ್ಕು ತದ್ವಿರುದ್ಧ.

ಬಲದ ಲೆಕ್ಕ ತಿಳಿದಿದ್ದರೆ ಕೈ ತಾನಾಗಿ ಹಿಡಿತಕ್ಕೆ ಬರುತ್ತದೆ. 8.8 ದರ್ಜೆಯ ಎಂ8 ಬೋಲ್ಟನ್ನು ಬಿಗಿಯುವುದು ಸುಮಾರು 25 ನ್ಯೂಟನ್ ಮೀಟರ್ ಟಾರ್ಕಿನಲ್ಲಿ, ಅಂದರೆ ತಿರುಗಿಸುವ ಬಲದಲ್ಲಿ, ಎಂ10ನ್ನು 50ರಲ್ಲಿ, ಎಂ12ನ್ನು 85ರಲ್ಲಿ. ಅರ್ಧ ಮೀಟರ್ ಉದ್ದದ ಹಿಡಿಯ ತುದಿಯಲ್ಲಿ ಮೂವತ್ತು ಕಿಲೋ ಭಾರ ಹಾಕಿದರೆ ಅದು 147 ನ್ಯೂಟನ್ ಮೀಟರ್ ಆಗುತ್ತದೆ, ಅಂದರೆ ಎಂ8ಕ್ಕೆ ಬೇಕಾದದ್ದರ ಸುಮಾರು ಆರು ಪಟ್ಟು. ಎರಡು ಪಟ್ಟಿಗೇ ಅದು ತಿರುಚಿ ತುಂಡಾಗುವ ಅಪಾಯವಿದೆ. ಹಾಗಾಗಿ ಪೈಪ್ ಸಿಕ್ಕಿಸುವ ವಿಧಾನ ಎಂ12 ಮತ್ತು ಅದಕ್ಕಿಂತ ದಪ್ಪದ ಬೋಲ್ಟುಗಳಿಗೆ ಮಾತ್ರ. 10 ಅಥವಾ 12ರ ತಲೆಯ ಸಣ್ಣ ಬೋಲ್ಟಿಗೆ ಪೈಪ್ ಹಾಕುವವರು ಅದನ್ನು ಮುರಿಯಲು ಹೊರಟಂತೆಯೇ.

ಬಿಚ್ಚುವ ಮೊದಲು ಒಮ್ಮೆ ಬಿಗಿಯುವ ದಿಕ್ಕಿಗೆ ಸ್ವಲ್ಪ ತಳ್ಳಿ ನೋಡಬೇಕು. ತುಕ್ಕಿನ ಬೆಸುಗೆ ಯಾವ ಕಡೆಗೆ ಬಿರಿದರೂ ಲಾಭವೇ. ನಿಧಾನವಾಗಿ ಒತ್ತುವುದಕ್ಕಿಂತ ಹಿಡಿಯನ್ನು ಚುರುಕಾಗಿ ಜಗ್ಗುವುದು ಹೆಚ್ಚು ಫಲ ಕೊಡುತ್ತದೆ. ಕಿರ್ ಎಂಬ ಒಣ ಸದ್ದಿನೊಂದಿಗೆ ಬೋಲ್ಟ್ ಕದಲಿದರೆ ಅದು ಶುಭಸೂಚನೆ. ಸದ್ದಿಲ್ಲದೆ, ಮೆತ್ತಗೆ, ಬಲ ಹೆಚ್ಚಾಗದೆ ತಿರುಗುತ್ತಿರುವಂತೆ ಅನ್ನಿಸಿದರೆ ತಕ್ಷಣ ನಿಲ್ಲಿಸಬೇಕು, ಏಕೆಂದರೆ ಆಗ ತಿರುಗುತ್ತಿರುವುದು ಥ್ರೆಡ್ಡಲ್ಲ, ತಲೆಯ ಕೆಳಗೆ ಬೋಲ್ಟಿನ ಮೈಯೇ ತಿರುಚಿಕೊಳ್ಳುತ್ತಿರುತ್ತದೆ. ಹಿಂದಿನ ತುದಿ ಕಾಣುವಂತಿದ್ದರೆ ಅದು ತಲೆಯ ಜೊತೆಗೆ ತಿರುಗುತ್ತಿದೆಯೇ ಎಂದು ಇನ್ನೊಬ್ಬರಿಂದ ನೋಡಿಸಬಹುದು. ಒಮ್ಮೆ ಕದಲಿದ ಮೇಲೂ ಅವಸರ ಸಲ್ಲದು: ಕಾಲು ಸುತ್ತು ಹೊರಗೆ, ಅದರ ಅರ್ಧದಷ್ಟು ಒಳಗೆ, ಮತ್ತೆ ಎಣ್ಣೆ, ಹೀಗೆ ಮುಂದುವರಿಯಬೇಕು. ಅರ್ಧ ದಾರಿಯಲ್ಲಿ ಮತ್ತೆ ಬಿಗಿಯಾದರೆ ತುಕ್ಕಿನ ಪುಡಿ ಥ್ರೆಡ್ಡಿನಲ್ಲಿ ಸಿಕ್ಕಿದೆ ಎಂದರ್ಥ. ಬಲವಂತದಿಂದ ಹೊರಗೆಳೆಯದೆ ಪುನಃ ಒಳಗೆ ತಿರುಗಿಸಿ ಪುಡಿ ತೊಳೆದುಹೋಗುವಂತೆ ಎಣ್ಣೆ ಹಾಯಿಸಬೇಕು.

ಬೆಂಕಿಯ ಉಪಯೋಗ

ಎಣ್ಣೆಗೆ ಬಗ್ಗದ ಬೋಲ್ಟ್ ಬೆಂಕಿಗೆ ಬಗ್ಗುವುದಕ್ಕೆ ಕಾರಣವಿದೆ. ಪ್ರತಿ ಡಿಗ್ರಿ ಬಿಸಿಗೆ ಉಕ್ಕು ಹಿಗ್ಗುವುದರ ಸುಮಾರು ಎರಡು ಪಟ್ಟು ಅಲ್ಯೂಮಿನಿಯಂ ಹಿಗ್ಗುತ್ತದೆ. ಆದುದರಿಂದ ಅಲ್ಯೂಮಿನಿಯಂ ಭಾಗದಲ್ಲಿ ಕೂತ ಉಕ್ಕಿನ ಬೋಲ್ಟಿನ ಸುತ್ತಲಿನ ಲೋಹವನ್ನು ಹದವಾಗಿ ಬಿಸಿ ಮಾಡಿದರೆ ರಂಧ್ರ ಅಗಲವಾಗುತ್ತದೆ. ಅಲ್ಯೂಮಿನಿಯಂ ಕೆಂಪಾಗದೆಯೇ ಕರಗಿಬಿಡುವುದರಿಂದ ಜ್ವಾಲೆಯನ್ನು ಒಂದೇ ಕಡೆ ಹಿಡಿಯಬಾರದು. ಹಾಕಿದ ನೀರಿನ ಹನಿ ಚುರ್ರೆಂದು ಆವಿಯಾಗುವಷ್ಟು ಬಿಸಿ ಸಾಕು. ಉಕ್ಕು ಉಕ್ಕಿನೊಳಗಿರುವಲ್ಲಿ ಎರಡೂ ಒಂದೇ ರೀತಿ ಹಿಗ್ಗುತ್ತವೆಯಾದರೂ, ಹೊರಗಿನ ನಟ್ಟನ್ನು ಮಾತ್ರ ಬೇಗನೆ ಕಾಯಿಸಿದರೆ ಅದು ಬೋಲ್ಟಿಗಿಂತ ಮೊದಲು ಹಿಗ್ಗಿ ತುಕ್ಕಿನ ಹಿಡಿತ ಒಡೆಯುತ್ತದೆ. ಬಿಸಿಯಾದ ಬೋಲ್ಟಿನ ಬುಡಕ್ಕೆ ಮೇಣದ ಬತ್ತಿ ಮುಟ್ಟಿಸಿದರೆ ಕರಗಿದ ಮೇಣ ಥ್ರೆಡ್ಡಿನೊಳಗೆ ಎಳೆದುಕೊಂಡು ಹೋಗುತ್ತದೆ. ನೋಡಲಿಕ್ಕೆ ಸಾಧಾರಣವಾದರೂ ಇದು ಬಹಳ ಒಳ್ಳೆಯ ಉಪಾಯ. ಕಾರ್ಖಾನೆಯಲ್ಲಿಯೇ ಗಟ್ಟಿ ಲಾಕಿಂಗ್ ಅಂಟು ಹಚ್ಚಿ ಕೂರಿಸಿದ ಬೋಲ್ಟುಗಳು ಸುಮಾರು 250 ಡಿಗ್ರಿ ಬಿಸಿಗೆ ಮಾತ್ರ ಸಡಿಲಾಗುತ್ತವೆ.

ಬೆಂಕಿ ಹಿಡಿಯಬಾರದ ಜಾಗಗಳೂ ಅಷ್ಟೇ ಮುಖ್ಯ. ಪೆಟ್ರೋಲ್ ಪೈಪು ಮತ್ತು ಟ್ಯಾಂಕಿನ ಹತ್ತಿರ, ಗ್ಯಾಸ್ ತುಂಬಿದ ಶಾಕ್ ಅಬ್ಸಾರ್ಬರ್, ಬ್ರೇಕ್ ಹೋಸ್, ರಬ್ಬರ್ ಬುಷ್, ಏರ್‌ಬ್ಯಾಗಿನ ಯಾವುದೇ ಭಾಗದ ಬಳಿ ಜ್ವಾಲೆ ಬೇಡ. ಬ್ರೇಕ್ ಕ್ಲೀನರ್ ಸಿಂಪಡಿಸಿದ ಜಾಗವನ್ನು ಕಾಯಿಸುವುದಂತೂ ಜೀವಕ್ಕೇ ಅಪಾಯ, ಏಕೆಂದರೆ ಕ್ಲೋರಿನ್ ಇರುವ ಕ್ಲೀನರುಗಳು ಬಿಸಿಗೆ ಫಾಸ್ಜೀನ್ ಎಂಬ ವಿಷಾನಿಲವಾಗಬಲ್ಲವು. ಎಣ್ಣೆ ಹಾಕಿದ್ದರೆ ಒರೆಸಿ ತೆಗೆದ ಮೇಲೆಯೇ ಬೆಂಕಿ. ಅಡಿಕೆ ಸಿಪ್ಪೆ, ಒಣ ಸೋಗೆ, ಬೈಹುಲ್ಲು ಹರಡಿರುವ ಅಂಗಳದಲ್ಲಿ ಒಂದು ಬಕೆಟ್ ಮರಳು ಕೈಗೆಟಕುವಂತಿರಲಿ. ಅಡುಗೆಮನೆಯ ಸಿಲಿಂಡರನ್ನು ಹೊರಗೆ ತಂದು ಇದಕ್ಕೆ ಜೋಡಿಸುವ ಸಾಹಸ ಬೇಡ, ಸಣ್ಣ ಬ್ಯೂಟೇನ್ ಟಾರ್ಚ್ ಸಾಕಾಗುತ್ತದೆ. ಕೆಂಪಾಗುವಷ್ಟು ಕಾಯಿಸಿದ ಬೋಲ್ಟ್ ತನ್ನ ಗಡಸುತನವನ್ನು ಕಳೆದುಕೊಂಡಿರುವುದರಿಂದ ಅದನ್ನು ಮತ್ತೆ ಬಳಸುವಂತಿಲ್ಲ.

ತಲೆ ಉರುಟಾದಾಗ

ಸಾಕೆಟ್ ಒಮ್ಮೆ ಜಾರಿತೆಂದರೆ ಅದೇ ಸಾಕೆಟ್ಟಿನಿಂದ ಮತ್ತೊಮ್ಮೆ ಯತ್ನಿಸುವುದರಲ್ಲಿ ಅರ್ಥವಿಲ್ಲ. ಒಂದು ಅಳತೆ ಚಿಕ್ಕ ಸಾಕೆಟ್ಟನ್ನು ಸುತ್ತಿಗೆಯಿಂದ ಬಡಿದು ಕೂರಿಸುವುದು ಮೊದಲ ಉಪಾಯ. 13ರ ತಲೆಗೆ ಅರ್ಧ ಇಂಚಿನ ಸಾಕೆಟ್ ಹೊಂದುತ್ತದೆ, ಏಕೆಂದರೆ ಅದು 12.7 ಮಿಲಿಮೀಟರ್, 17ರ ತಲೆ ಚೆನ್ನಾಗಿ ಸವೆದಿದ್ದರೆ 16ರದು ಬಿಗಿಯಾಗಿ ಕೂರುತ್ತದೆ. ಒಳಗೆ ಸುರುಳಿ ಹಲ್ಲುಗಳಿರುವ ಬೋಲ್ಟ್ ಎಕ್ಸ್‌ಟ್ರಾಕ್ಟರ್ ಸಾಕೆಟ್ಟುಗಳು ತಿರುಗಿಸಿದಷ್ಟೂ ಬಿಗಿಯಾಗಿ ಕಚ್ಚುತ್ತವೆ. ತುಕ್ಕಿನ ಊರಿನಲ್ಲಿ ಕಾರು ಬಿಚ್ಚುವವರು ಮೊದಲು ಕೊಳ್ಳಬೇಕಾದ ವಿಶೇಷ ಉಪಕರಣ ಯಾವುದೆಂದು ಕೇಳಿದರೆ ನಾನು ಇದನ್ನೇ ಹೇಳುವೆ.

ತಲೆಯ ಸುತ್ತ ಜಾಗವಿದ್ದರೆ ಅರದಿಂದ ಎದುರುಬದುರಾಗಿ ಎರಡು ಚಪ್ಪಟೆ ಬದಿಗಳನ್ನು ಉಜ್ಜಿ ವೈಸ್ ಗ್ರಿಪ್ (ಬಿಗಿದು ಲಾಕ್ ಆಗುವ ಇಕ್ಕಳ) ಹಿಡಿಸಬಹುದು; ಉರುಟು ತಲೆಯ ಮೇಲೆ ನೇರವಾಗಿ ಹಿಡಿಸಿದರೆ ಅದು ಉಳಿದ ಲೋಹವನ್ನೂ ತಿಂದುಹಾಕುತ್ತದೆ. ಹರಿತವಾದ ಉಳಿಯನ್ನು ತಲೆಯ ಅಂಚಿನಲ್ಲಿ ಓರೆಯಾಗಿಟ್ಟು ಬಿಚ್ಚುವ ದಿಕ್ಕಿಗೆ ಹೊಡೆಯುವ ಹಳೆಯ ಪದ್ಧತಿ ದಪ್ಪ ಬೋಲ್ಟುಗಳಿಗೆ ಈಗಲೂ ಸಲ್ಲುತ್ತದೆ. ಅಲೆನ್ ತಲೆಯ ಬೋಲ್ಟಿನ ಒಳಮೂಲೆಗಳು ಸವೆದಿದ್ದರೆ ಸ್ವಲ್ಪ ದೊಡ್ಡದಾದ ನಕ್ಷತ್ರಾಕಾರದ ಬಿಟ್ಟನ್ನು ಬಡಿದು ಕೂರಿಸಬೇಕು. ಬ್ರೇಕ್ ಡಿಸ್ಕ್ ಹಿಡಿದಿರುವ ಪ್ಲಸ್ ತಲೆಯ ಸ್ಕ್ರೂಗಳಿಗೆ ಕೈಯ ಸ್ಕ್ರೂಡ್ರೈವರ್ ಎಂದೂ ಸಾಲದು. ಸುತ್ತಿಗೆಯಿಂದ ಹೊಡೆದಾಗ ತಾನೇ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಬಳಸಿದರೆ ಮೂರು ನಾಲ್ಕು ಪೆಟ್ಟಿಗೆ ಬಿಡುತ್ತದೆ.

ಇವು ಯಾವುವೂ ಆಗದಿದ್ದಲ್ಲಿ ವೆಲ್ಡಿಂಗ್. ಸವೆದ ತಲೆಯ ಮೇಲೆ ದೊಡ್ಡ ನಟ್ಟನ್ನಿಟ್ಟು ಅದರ ರಂಧ್ರದೊಳಗಿನಿಂದ ಬೆಸುಗೆ ತುಂಬಿಸಿದರೆ ಹಿಡಿಯಲು ಹೊಸ ತಲೆ ಸಿಗುವುದು ಮಾತ್ರವಲ್ಲ, ಬೆಸುಗೆಯ ಬಿಸಿ ಬೋಲ್ಟಿನ ಬುಡದವರೆಗೆ ಇಳಿದು ತುಕ್ಕನ್ನೂ ಒಡೆಯುತ್ತದೆ. ಈ ಒಂದು ಕೆಲಸಕ್ಕೆ ಊರಿನ ಗೇಟು, ಗ್ರಿಲ್ ಮಾಡುವ ವೆಲ್ಡರನ್ನು ಕರೆದರೂ ಸಾಕು. ಆದರೆ ವೆಲ್ಡಿಂಗಿಗೆ ಮೊದಲು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿಡಬೇಕು ಮತ್ತು ವೆಲ್ಡಿಂಗಿನ ಅರ್ತ್ ಕ್ಲಾಂಪನ್ನು ಬೋಲ್ಟಿಗೆ ಅತಿ ಸಮೀಪದಲ್ಲಿ ಹಾಕಿಸಬೇಕು. ಇಲ್ಲವಾದರೆ ಕರೆಂಟ್ ಬೇರಿಂಗ್ ಅಥವಾ ಎಲೆಕ್ಟ್ರಾನಿಕ್ ಭಾಗಗಳ ಮೂಲಕ ಹಾದು ಅವನ್ನು ಕೆಡಿಸಬಹುದು. ಕಾರಿನ ಎಲೆಕ್ಟ್ರಾನಿಕ್ಸ್ ವಿಷಯ ಗೇಟಿನ ವೆಲ್ಡರಿಗೆ ತಿಳಿದಿರಬೇಕೆಂದಿಲ್ಲ, ಇದನ್ನು ನೋಡಿಕೊಳ್ಳಬೇಕಾದವರು ಕಾರಿನವರೇ.

ಹಿಂದೆ ಬಿಡಿ ನಟ್ಟಿರುವಲ್ಲಿ ಇಷ್ಟೆಲ್ಲ ಹೋರಾಟವೇ ಬೇಕಿಲ್ಲ. ಸಸ್ಪೆನ್ಶನ್ನಿನ ಸ್ಟೆಬಿಲೈಸರ್ ಲಿಂಕ್, ಸೈಲೆನ್ಸರ್ ಫ್ಲ್ಯಾಂಜ್‌ಗಳ ನಟ್ಟುಗಳನ್ನು ನಟ್ ಸ್ಪ್ಲಿಟ್ಟರಿನಿಂದ ಸೀಳುವುದು ಅಥವಾ ಗರಗಸದಿಂದ ಕೊಯ್ಯುವುದು ಒಳಿತು. ಲಿಂಕನ್ನು ಹೇಗೂ ಬದಲಿಸುವುದಾದರೆ ಅದರ ಬೋಲ್ಟಿನ ಮೇಲೆ ಕರುಣೆ ತೋರಿ ಆಗಬೇಕಾದದ್ದೇನೂ ಇಲ್ಲ. ಗ್ರೈಂಡರ್ ಬಳಸುವಾಗ ಕಿಡಿ ಹಾರುವ ದಿಕ್ಕಿನಲ್ಲಿ ಕಾರಿನ ಗಾಜೂ ಬ್ರೇಕ್ ಹೋಸೂ ಇರದಂತೆ ಒದ್ದೆ ಗೋಣಿಯನ್ನು ಅಡ್ಡ ಹಿಡಿಯಬೇಕು.

ಬೋಲ್ಟ್ ಮುರಿದು ಒಳಗುಳಿದರೆ

ತುಂಡು ಒಂದು ಸೆಂಟಿಮೀಟರಿನಷ್ಟು ಹೊರಗಿದ್ದು ಥ್ರೆಡ್ ಚೆನ್ನಾಗಿದ್ದರೆ ಅದರ ಮೇಲೆ ಎರಡು ನಟ್ಟುಗಳನ್ನು ಒಂದಕ್ಕೊಂದು ಬಿಗಿದು, ಒಳಗಿನ ನಟ್ಟಿಗೆ ಸ್ಪ್ಯಾನರ್ ಹಾಕಿ ತಿರುಗಿಸಬಹುದು. ಬಲವಾಗಿ ಕಚ್ಚಿದ ತುಂಡಿಗೆ ನಟ್ ವೆಲ್ಡ್ ಮಾಡಿಸುವುದೇ ಮೇಲು. ಮೇಲ್ಮೈಗೆ ಸಮನಾಗಿ ಮುರಿದಿದ್ದರೂ ಕುಶಲ ವೆಲ್ಡರ್ ಅದರ ಮೇಲೆ ಲೋಹವನ್ನು ಗುಪ್ಪೆಯಾಗಿ ಏರಿಸಿ ನಟ್ ಕೂರಿಸಬಲ್ಲ. ಸುತ್ತಲಿನದು ಅಲ್ಯೂಮಿನಿಯಂ ಆಗಿದ್ದರೆ ಉಕ್ಕಿನ ಬೆಸುಗೆ ಅದಕ್ಕೆ ಅಂಟುವುದಿಲ್ಲವಾದ್ದರಿಂದ ಈ ಕೆಲಸ ಇನ್ನೂ ಸುಲಭ.

ವೆಲ್ಡಿಂಗ್ ಸಾಧ್ಯವಿಲ್ಲದಲ್ಲಿ ಕೊರೆಯುವುದೇ ಗತಿ. ಮುರಿದ ಮೈಯನ್ನು ಅರದಿಂದ ಸಮತಟ್ಟು ಮಾಡಿ, ನಟ್ಟನಡುವೆ ಸೆಂಟರ್ ಪಂಚಿನಿಂದ ಗುರುತು ಒತ್ತಬೇಕು. ಉಳಿದ ಕೆಲಸದ ಯಶಸ್ಸೆಲ್ಲ ಈ ಗುರುತಿನ ಮೇಲೆ ನಿಂತಿದೆ, ಆದುದರಿಂದ ಇದನ್ನು ಎರಡು ಕಡೆಯಿಂದ ನೋಡಿ ಅಳೆದು ಒತ್ತಬೇಕು. ಮೊದಲು 3 ಮಿಲಿಮೀಟರಿನ ಬಿಟ್, ನಿಧಾನ ವೇಗ, ಹನಿ ಹನಿ ಎಣ್ಣೆ, ಡ್ರಿಲ್ಲನ್ನು ನೇರವಾಗಿ ಹಿಡಿಯುವ ಸ್ಥಿರ ಕೈ. ಎಡಕ್ಕೆ ತಿರುಗುವ ಡ್ರಿಲ್ ಬಿಟ್ ಸಿಕ್ಕಿದರೆ ಅದನ್ನೇ ಬಳಸಬೇಕು, ಏಕೆಂದರೆ ಕೊರೆಯುತ್ತಿರುವಾಗಲೇ ಬಿಟ್ ಕಚ್ಚಿ ತುಂಡು ಹೊರಬರುವುದುಂಟು.

ಕೊರೆದ ರಂಧ್ರಕ್ಕೆ ಈಸಿ ಔಟ್ ಎಂಬ ಎಡಸುರುಳಿ ಹಲ್ಲಿನ ಗಡಸು ಕಡ್ಡಿಯನ್ನು ಹಾಕಿ ತಿರುಗಿಸುವ ವಿಧಾನದ ಬಗ್ಗೆ ಎಚ್ಚರಿಕೆ ಅಗತ್ಯ. ಬಿಗಿಯುವಾಗ ಹೆಚ್ಚು ಬಲ ಬಿದ್ದು ತಲೆ ಹಾರಿದ ಬೋಲ್ಟಿಗೆ ಇದು ಚೆನ್ನಾಗಿ ಒದಗುತ್ತದೆ, ಏಕೆಂದರೆ ಅಲ್ಲಿ ಥ್ರೆಡ್ ಸ್ವಚ್ಛವಾಗಿದ್ದು ತುಂಡು ಸಡಿಲವಾಗಿರುತ್ತದೆ. ತುಕ್ಕಿನಿಂದ ಕಚ್ಚಿಯೇ ಮುರಿದ ಬೋಲ್ಟಿನ ಕಥೆ ಬೇರೆ. ಎಂಟು ಮಿಲಿಮೀಟರ್ ದಪ್ಪದ ಇಡೀ ಬೋಲ್ಟಿಗೆ ಬಿಡಿಸಲಾಗದ್ದನ್ನು ಅದರೊಳಗೆ ಹೊಗುವ ತೆಳ್ಳನೆಯ ಈಸಿ ಔಟ್ ಬಿಡಿಸೀತೆಂದು ನಿರೀಕ್ಷಿಸಲಾಗದು. ಜೊತೆಗೆ ಅದು ಬೆಣೆಯಂತೆ ಒಳಗಿನಿಂದ ತುಂಡನ್ನು ಅಗಲಿಸಿ ಇನ್ನಷ್ಟು ಬಿಗಿಯಾಗಿಸುತ್ತದೆ. ಅದು ಮುರಿದರೆ ಅದರ ಗಡಸು ಉಕ್ಕನ್ನು ಮನೆಯ ಯಾವ ಡ್ರಿಲ್ ಬಿಟ್ಟೂ ಕೊರೆಯದು. ಅಂಥ ಸಂದರ್ಭದಲ್ಲಿ ಭಾಗವನ್ನೇ ಕಳಚಿ, ವಿದ್ಯುತ್ ಕಿಡಿಯಿಂದ ಲೋಹವನ್ನು ಸವೆಸುವ ಯಂತ್ರವಿರುವ ಕಡೆಗೆ ಒಯ್ಯಬೇಕಾಗುತ್ತದೆ.

ಆದ್ದರಿಂದ ತುಕ್ಕಿನ ತುಂಡಿಗೆ ಹಂತಹಂತವಾಗಿ ದೊಡ್ಡ ಬಿಟ್ ಬಳಸಿ ಥ್ರೆಡ್ಡಿನ ಬುಡದವರೆಗೆ ಕೊರೆಯುವುದೇ ಸುರಕ್ಷಿತ. ಎಂ6ಕ್ಕೆ 5 ಮಿಲಿಮೀಟರ್, ಎಂ8ಕ್ಕೆ 6.8, 1.5 ಅಂತರದ ಎಂ10ಕ್ಕೆ 8.5, 1.25 ಅಂತರದ್ದಕ್ಕೆ 8.8 ಕೊನೆಯ ಅಳತೆ. ನಡುವಿನಲ್ಲೇ ಕೊರೆದಿದ್ದರೆ ಥ್ರೆಡ್ಡಿನ ಸಂದಿಯಲ್ಲಿ ಉಳಿಯುವುದು ಸುರುಳಿಯಂತಹ ತೆಳ್ಳನೆಯ ಉಕ್ಕಿನ ಎಳೆ ಮಾತ್ರ. ಅದನ್ನು ಚೂಪಾದ ಸೂಜಿಯಿಂದ ಎಬ್ಬಿಸಿ ತೆಗೆದು, ಟ್ಯಾಪ್ ಎಂಬ ಥ್ರೆಡ್ ಕೊರೆಯುವ ಉಪಕರಣವನ್ನು ಹಾಯಿಸಿ ರಂಧ್ರದ ಥ್ರೆಡ್ಡನ್ನು ಸ್ವಚ್ಛಗೊಳಿಸಬಹುದು. ಟ್ಯಾಪನ್ನು ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ತಿರುಗಿಸುತ್ತ ಹೋಗಬೇಕು. ಅಲ್ಯೂಮಿನಿಯಮ್ಮಿನಲ್ಲಿ ಬಿಟ್ ಉಕ್ಕಿನಿಂದ ಜಾರಿ ಮೆತ್ತನೆಯ ಬದಿಗೆ ಓಡತೊಡಗಿದರೆ ಅಲ್ಲಿಗೇ ಕೈ ಬಿಟ್ಟು ಲೇತ್ ಅಂಗಡಿಗೆ ಕೊಡುವುದು ವಿವೇಕ. ಥ್ರೆಡ್ ಹೋಗಿಯೇಬಿಟ್ಟಿದ್ದರೂ ಭಾಗವನ್ನು ಎಸೆಯಬೇಕಾಗಿಲ್ಲ: ದೊಡ್ಡದಾಗಿ ಕೊರೆದು ಹೆಲಿಕಾಯಿಲ್ ಎಂಬ ತಂತಿಯ ಸುರುಳಿ ಹಾಕಿದರೆ ಮೂಲ ಅಳತೆಯ ಬೋಲ್ಟೇ ಮತ್ತೆ ಕೂರುತ್ತದೆ, ಮತ್ತು ಅಲ್ಯೂಮಿನಿಯಂ ಥ್ರೆಡ್ಡಿಗಿಂತ ಅದು ಗಟ್ಟಿ. ಆದರೆ ಬ್ರೇಕ್ ಕ್ಯಾಲಿಪರ್, ಸ್ಟೀರಿಂಗ್, ಸೀಟ್ ಬೆಲ್ಟುಗಳ ಬೋಲ್ಟು ಮುರಿದಿದ್ದರೆ ಮನೆಯ ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಿ ಅನುಭವಿ ಮೆಕ್ಯಾನಿಕ್‌ಗೆ ಒಪ್ಪಿಸಬೇಕು.

ಹೊಸ ಬೋಲ್ಟ್ ಹಾಕುವಾಗ

ರಂಧ್ರದೊಳಗಿನ ಪುಡಿ, ಎಣ್ಣೆ ಪೂರ್ತಿ ತೆಗೆಯಬೇಕು. ತಳ ಮುಚ್ಚಿದ ರಂಧ್ರದಲ್ಲಿ ಎಣ್ಣೆ ನಿಂತಿದ್ದರೆ ಬೋಲ್ಟ್ ಬಿಗಿಯುವಾಗ ಆ ಒತ್ತಡಕ್ಕೇ ಲೋಹ ಬಿರಿಯಬಹುದು. ಸೈಲೆನ್ಸರ್, ಸಸ್ಪೆನ್ಶನ್ನಿನ ಉಕ್ಕಿನ ಭಾಗಗಳಿಗೆ ತಾಮ್ರದ ಪುಡಿಯಿರುವ ಆಂಟಿ ಸೀಜ್ ಗ್ರೀಸನ್ನು ತೆಳುವಾಗಿ ಹಚ್ಚಬಹುದು. ಜಾರುವ ಥ್ರೆಡ್ ಅದೇ ಟಾರ್ಕಿಗೆ ಹೆಚ್ಚು ಬಿಗಿಯಾಗುವುದರಿಂದ ಬಲವನ್ನು ಸ್ವಲ್ಪ ಕಡಿಮೆ ಮಾಡಬೇಕು. ಚಕ್ರದ ನಟ್ಟುಗಳಿಗೆ ಮಾತ್ರ, ತಯಾರಕರು ಹೇಳದ ಹೊರತು, ಏನನ್ನೂ ಹಚ್ಚಬಾರದು.

ಕರಾವಳಿಯವರಿಗೆ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಹಾಕಿಬಿಡೋಣ ಎಂಬ ಆಸೆ ಹುಟ್ಟುವುದು ಸಹಜ. ನಂಬರ್ ಪ್ಲೇಟಿಗೋ ಮಡ್‌ಗಾರ್ಡಿಗೋ ಅದು ಸರಿ. ಆದರೆ ಅಂಗಡಿಯಲ್ಲಿ ಸಿಗುವ ಎ2-70 ದರ್ಜೆಯ ಸ್ಟೇನ್‌ಲೆಸ್ ಬೋಲ್ಟಿನ ಬಲ 700 ಮೆಗಾಪಾಸ್ಕಲ್, 8.8ರದು 800, ಭಾರ ಹೊರುವ ಜಾಗದಲ್ಲಿ ಈ ವ್ಯತ್ಯಾಸವನ್ನು ಕಡೆಗಣಿಸುವಂತಿಲ್ಲ. ಅಲ್ಯೂಮಿನಿಯಮ್ಮಿನೊಳಗೆ ಕೂರಿಸಿದರೆ ಉಪ್ಪುನೀರಿನಲ್ಲಿ ಬೋಲ್ಟ್ ಹೊಳೆಯುತ್ತಲೇ ಉಳಿದು ಸುತ್ತಲಿನ ಅಲ್ಯೂಮಿನಿಯಂ ಸವೆಯುತ್ತದೆ. ಅದರ ಬದಲು ಸತು ಲೇಪಿಸಿದ ಸರಿಯಾದ ದರ್ಜೆಯ ಬೋಲ್ಟ್ ಹಾಕಿ, ಮಳೆಗಾಲ ಮುಗಿದ ಮೇಲೆ ಕಾರಿನ ಅಡಿಭಾಗವನ್ನು ಸಿಹಿನೀರಿನಿಂದ ತೊಳೆದು, ಒಣಗಿದ ಬಳಿಕ ಹೊರಗೆ ಕಾಣುವ ಥ್ರೆಡ್ ತುದಿಗಳಿಗೆ ಗ್ರೀಸ್ ಸವರುವುದು ಲೇಸು. ಕೆಲಸ ಮುಗಿದು ಮೊದಲ ನೂರು ಕಿಲೋಮೀಟರ್ ಓಡಿಸಿದ ಮೇಲೆ ಹೊಸದಾಗಿ ಹಾಕಿದ ಬೋಲ್ಟುಗಳನ್ನೂ ಆ ಕಡೆಯ ಚಕ್ರದ ನಟ್ಟುಗಳನ್ನೂ ಟಾರ್ಕ್ ರೆಂಚಿನಿಂದ ಮತ್ತೊಮ್ಮೆ ಪರೀಕ್ಷಿಸಬೇಕು.